ಆರ್‌ಒ ಮಾರುವವರ ‘ಕಡ್ಡಿ ಪರೀಕ್ಷೆ’: ನಲ್ಲಿ ನೀರು ಕಂದಾಗುವುದೇಕೆ, ತರಗತಿಯಲ್ಲಿ ತೋರಿಸುವುದು ಹೇಗೆ?

ವಿಜ್ಞಾನ_ಟೀಚರ್ ಕೇಳಿದ್ದು:

ಎಂಟನೇ ತರಗತಿಯ ‘ವಿದ್ಯುತ್ ಪ್ರವಾಹದ ರಾಸಾಯನಿಕ ಪರಿಣಾಮಗಳು’ ಪಾಠಕ್ಕೆ ಊರಲ್ಲೇ ನಡೆಯುವ ಒಂದು ಉದಾಹರಣೆ ಇಟ್ಟುಕೊಳ್ಳಬೇಕೆಂದಿದ್ದೇನೆ. ಆರ್‌ಒ ಫಿಲ್ಟರ್ ಮಾರಲು ಬರುವವರು ಎರಡು ಗ್ಲಾಸ್ ಇಡುತ್ತಾರೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಜೋಡಿ ಲೋಹದ ಕಡ್ಡಿ ಇಳಿಬಿಟ್ಟು, ಉಪಕರಣದ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ ಹಾಕುತ್ತಾರೆ. ನಿಮಿಷದೊಳಗೆ ನಲ್ಲಿ ನೀರು ಹಸಿರುಗಪ್ಪಾಗಿ, ಆಮೇಲೆ ಕಂದಾಗಿ, ಮೇಲೆ ನೊರೆಯಂಥ ಗಷ್ಟು ಕಟ್ಟುತ್ತದೆ. ಆರ್‌ಒ ನೀರು ಹೆಚ್ಚುಕಡಿಮೆ ಹಾಗೇ ಇರುತ್ತದೆ. “ನೀವು ದಿನಾ ಕುಡಿಯುವ ಕೊಳೆ ಇದು” ಅನ್ನುತ್ತಾರೆ, ಜನ ನಂಬುತ್ತಾರೆ.

ಇದು ವಿದ್ಯುದ್ವಿಭಜನೆ (ದ್ರವದಲ್ಲಿ ಕರೆಂಟು ಹರಿದಾಗ ಆಗುವ ರಾಸಾಯನಿಕ ಬದಲಾವಣೆ) ಅಂತ ಗೊತ್ತು. ಆದರೆ ಕಂದು ಬಣ್ಣ ಕಡ್ಡಿಯಿಂದಲೇ ಬಂತು, ನೀರಿನಿಂದಲ್ಲ ಎಂದು ಮಕ್ಕಳಿಗೆ ಮಾತಿನಲ್ಲಿ ಹೇಳಿದರೆ ಸಾಲದು, ಕಣ್ಣಾರೆ ಕಾಣಬೇಕು. 230 ವೋಲ್ಟ್ ಮುಟ್ಟದೆ, ಶಾಲೆಯಲ್ಲಿರುವ ಸಾಮಾನಿನಲ್ಲಿ ಹೇಗೆ ಮಾಡುವುದು? ಎಷ್ಟು ಹೊತ್ತು ಹಿಡಿಯುತ್ತದೆ?

---

ಲ್ಯಾಬ್_ಬೆಂಚ್:

ಮೇಡಂ, ಮೊದಲು ಲೆಕ್ಕ ನೋಡೋಣ. ಇಲ್ಲಿ ಲೆಕ್ಕವೇ ಅರ್ಧ ಉತ್ತರ ಹೇಳುತ್ತದೆ.

ನಲ್ಲಿ ನೀರಿನ ವಾಹಕತೆ, ಅಂದರೆ ಕರೆಂಟು ಹರಿಯಬಿಡುವ ಸಾಮರ್ಥ್ಯ, ಸೆಂ.ಮೀ.ಗೆ 600 ಮೈಕ್ರೋಸೀಮನ್ಸ್ ಅಂತಿಟ್ಟುಕೊಳ್ಳಿ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಮೀಟರಿನಲ್ಲಿ ಇದು ಸುಮಾರು 300 ತೋರಿಸುವ ನೀರು. 4 ಮಿ.ಮೀ. ದಪ್ಪದ ಎರಡು ಕಡ್ಡಿ, ನಡುವೆ 3 ಸೆಂ.ಮೀ. ಅಂತರ, ನೀರೊಳಗೆ 5 ಸೆಂ.ಮೀ. ಮುಳುಗಿವೆ ಎಂದರೆ ಅವುಗಳ ನಡುವಿನ ರೋಧ ಸುಮಾರು 290 ಓಮ್. ಮಾರಾಟಗಾರರ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಡಯೋಡ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಮನೆಯ ಕರೆಂಟು ಏಕಮುಖವಾಗಿ ನೇರ ನೀರಿಗೇ ಬರುತ್ತದೆ. ಎ.ಸಿ.ಯ ಎರಡೂ ಅರ್ಧ ಸಿಕ್ಕರೆ ಸರಾಸರಿ 0.7 ಆಂಪಿಯರ್ ಹರಿಯುತ್ತದೆ.

ಆನೋಡಿನಲ್ಲಿ, ಅಂದರೆ ಧನ ತುದಿಗೆ ಸೇರಿದ ಕಡ್ಡಿಯಲ್ಲಿ, ಕಬ್ಬಿಣ ತಾನೇ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನಾಗಿ (ವಿದ್ಯುದಾವೇಶವಿರುವ ಕಣವಾಗಿ) ನೀರಿಗಿಳಿಯುತ್ತದೆ. ಕ್ಯಾಥೋಡಿನಲ್ಲಿ, ಅಂದರೆ ಋಣ ತುದಿಗೆ ಸೇರಿದ ಕಡ್ಡಿಯಲ್ಲಿ, ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ, ಹೈಡ್ರಾಕ್ಸೈಡ್ ಉಳಿಯುತ್ತದೆ. ಕಬ್ಬಿಣದ ಅಯಾನು ಮತ್ತು ಹೈಡ್ರಾಕ್ಸೈಡ್ ಸೇರಿದಲ್ಲಿ ಹಸಿರು ಛಾಯೆಯ ಫೆರಸ್ ಹೈಡ್ರಾಕ್ಸೈಡ್ ಮೋಡ ಹುಟ್ಟುತ್ತದೆ. ಗಾಳಿಯ ಆಮ್ಲಜನಕ ತಾಗಿದಂತೆ ಅದೇ ಫೆರಿಕ್ ಹೈಡ್ರಾಕ್ಸೈಡ್ ಆಗುತ್ತದೆ, ಎಂದರೆ ತುಕ್ಕಿನ ಬಣ್ಣ. ಹಸಿರಾಗಿ ಆಮೇಲೆ ಕಂದಾಯಿತು ಎಂದು ನೀವು ಗಮನಿಸಿದ್ದೀರಲ್ಲ, ಆ ಕ್ರಮವೇ ಇದು ಕಬ್ಬಿಣ ಎಂಬುದಕ್ಕೆ ಸಾಕ್ಷಿ. ಮೇಲೆ ತೇಲುವ ನೊರೆ ಹೈಡ್ರೋಜನ್ ಗುಳ್ಳೆಗಳು ಹೊತ್ತು ತಂದ ಅದೇ ಗಷ್ಟು.

ಎಷ್ಟು ಕಬ್ಬಿಣ? 1834ರಲ್ಲಿ ಫ್ಯಾರಡೆ ಪ್ರಕಟಿಸಿದ ನಿಯಮ ಸಾಕು. 96,485 ಕೂಲಂಬ್ ಹರಿದರೆ 55.85ರ ಅರ್ಧ, ಅಂದರೆ ಸುಮಾರು 27.9 ಗ್ರಾಂ ಕಬ್ಬಿಣ ಕರಗುತ್ತದೆ. 0.7 ಆಂಪಿಯರ್ 60 ಸೆಕೆಂಡ್ ಹರಿದರೆ 42 ಕೂಲಂಬ್, ಸುಮಾರು 12 ಮಿಲಿಗ್ರಾಂ. 200 ಮಿ.ಲೀ. ಗ್ಲಾಸಿನಲ್ಲಿ ಅಂದರೆ ಲೀಟರಿಗೆ 60 ಮಿಲಿಗ್ರಾಂ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೂ ಪಾತ್ರೆಗೂ ಕಲೆ ಹಿಡಿಯುತ್ತದೆ. ಅದರ 200 ಪಟ್ಟು ಕಬ್ಬಿಣವನ್ನು ಒಂದೇ ನಿಮಿಷದಲ್ಲಿ ಕಡ್ಡಿಯಿಂದ ನೀರಿಗೆ ಸೇರಿಸಿದ್ದಾರೆ.

ಆರ್‌ಒ ಫಿಲ್ಟರ್ ಕರಗಿದ ಲವಣಗಳನ್ನು ಬಹುಪಾಲು ತೆಗೆದುಬಿಡುವುದರಿಂದ ಆ ನೀರಿನ ವಾಹಕತೆ 50 ಮೈಕ್ರೋಸೀಮನ್ಸ್ ಆಸುಪಾಸು. ಪ್ರವಾಹ ಹನ್ನೆರಡರಲ್ಲಿ ಒಂದು ಪಾಲು, ಕರಗುವ ಕಬ್ಬಿಣವೂ ಅಷ್ಟೇ. ಹಾಗಾಗಿ ತೆಳು ಹಳದಿ ಬಿಟ್ಟರೆ ಏನೂ ಕಾಣುವುದಿಲ್ಲ. ಎರಡು ಗ್ಲಾಸಿನ ನಡುವಿನ ವ್ಯತ್ಯಾಸ ಕೊಳೆಯದ್ದಲ್ಲ, ಪ್ರವಾಹದ್ದು.

ಕೆಲವು ಉಪಕರಣಗಳಲ್ಲಿ ಒಂದು ಕಡ್ಡಿ ಅಲ್ಯೂಮಿನಿಯಂ ಇರುತ್ತದೆ. ಅದು ಆನೋಡ್ ಆದಾಗ ಬಿಳಿ ಲೋಳೆಯಂಥ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಬರುತ್ತದೆ, ಅದಕ್ಕೂ ಒಂದು ಕಾಯಿಲೆಯ ಹೆಸರು ಅಂಟಿಸುತ್ತಾರೆ.

ಇನ್ನು ಪ್ರಯೋಗ. 9 ವೋಲ್ಟ್ ಬ್ಯಾಟರಿ, ಅಥವಾ ಲ್ಯಾಬಿನ ಬ್ಯಾಟರಿ ಎಲಿಮಿನೇಟರನ್ನು 9 ವೋಲ್ಟಿಗೆ ಇಟ್ಟು ಬಳಸಿ. 4 ಇಂಚಿನ ಸಾದಾ ಕಬ್ಬಿಣದ ಮೊಳೆ ನಾಲ್ಕು, ಎರಡೂ ತುದಿ ಕೆತ್ತಿದ ಪೆನ್ಸಿಲ್ ನಾಲ್ಕು, ಕ್ರೊಕೊಡೈಲ್ ಕ್ಲಿಪ್ ವೈರು, 200 ಮಿ.ಲೀ. ಗಾಜಿನ ಲೋಟ ನಾಲ್ಕು. ಮೊಳೆಗಳನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಹೊಳಪು ಬರಿಸಿ. ರಟ್ಟಿನ ತುಂಡಿಗೆ 3 ಸೆಂ.ಮೀ. ಅಂತರದಲ್ಲಿ ತೂತು ಮಾಡಿ, ಅದರಲ್ಲಿ ಮೊಳೆ ಇಳಿಸಿ ಲೋಟದ ಮೇಲಿಡಿ. ಅಂತರ ಎಲ್ಲ ಲೋಟದಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಕ್ಲಿಪ್ ನೀರಿಗೆ ತಾಗಬಾರದು, ತಾಗಿದರೆ ಅದೂ ಕರಗಿ ಬಣ್ಣ ಬಿಡುತ್ತದೆ.

ಮೊದಲ ಲೋಟ: ನಲ್ಲಿ ನೀರು, ಕಬ್ಬಿಣದ ಮೊಳೆ.
ಎರಡನೆಯದು: ಅದೇ ನಲ್ಲಿ ನೀರು, ಪೆನ್ಸಿಲ್ ಸೀಸ.
ಮೂರನೆಯದು: ಆರ್‌ಒ ನೀರು, ಕಬ್ಬಿಣದ ಮೊಳೆ.
ನಾಲ್ಕನೆಯದು: ಬರೀ ನಲ್ಲಿ ನೀರು, ಏನನ್ನೂ ಇಳಿಸಬೇಡಿ. ಬಣ್ಣ ಹೋಲಿಸಲು ಇದು ಬೇಕೇ ಬೇಕು.

9 ವೋಲ್ಟಿನಲ್ಲಿ ಮೊದಲ ಲೋಟದಲ್ಲಿ 25–30 ಮಿಲಿಆಂಪಿಯರ್ ಹರಿಯುತ್ತದೆ. ಮಾರಾಟಗಾರ ಒಂದು ನಿಮಿಷದಲ್ಲಿ ಬರಿಸುವ ಬಣ್ಣಕ್ಕೆ ಇಲ್ಲಿ ಸುಮಾರು 25 ನಿಮಿಷ ಬೇಕು. ಆದರೆ ಐದು ನಿಮಿಷದಲ್ಲೇ ಬಿಳಿ ಹಾಳೆ ಹಿಂದಿಟ್ಟು ನೋಡಿದರೆ ಎಲ್ಲಾ ಗೊತ್ತಾಗುತ್ತದೆ. ಋಣ ಮೊಳೆಯಿಂದ ದಾರದಂತೆ ಸಣ್ಣ ಗುಳ್ಳೆಗಳು ಏಳುತ್ತವೆ, ಆ ಮೊಳೆ ಹೊಳೆಯುತ್ತಲೇ ಇರುತ್ತದೆ. ಧನ ಮೊಳೆ ಮಂಕಾಗುತ್ತದೆ, ಅದರಿಂದ ತುಸು ದೂರದಲ್ಲಿ ಹಸಿರು ಎಳೆಗಳು ಕಾಣಿಸಿಕೊಂಡು ಕೆಳಗಿಳಿಯುತ್ತವೆ. ಪೆನ್ಸಿಲ್ ಲೋಟದಲ್ಲಿ ಎರಡೂ ಕಡೆ ಗುಳ್ಳೆ, ನೀರು ತಿಳಿ. ನೀರು ಅದೇ, ಕರೆಂಟು ಅದೇ, ಕಡ್ಡಿ ಮಾತ್ರ ಬೇರೆ. ಮಕ್ಕಳೇ ಉತ್ತರ ಹೇಳುತ್ತಾರೆ.

ಕೊನೆಗೆ ಮೂರನೇ ಲೋಟದ ಆರ್‌ಒ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು, ಸುಮಾರು 0.3 ಗ್ರಾಂ, ಹಾಕಿ ಕಲಕಿ. ವಾಹಕತೆ ನಲ್ಲಿ ನೀರಿನ ಐದು ಪಟ್ಟಾಗುತ್ತದೆ, ಕೆಲವೇ ನಿಮಿಷದಲ್ಲಿ ಆ ‘ಶುದ್ಧ’ ನೀರು ಎಲ್ಲಕ್ಕಿಂತ ಕೆಟ್ಟದಾಗಿ ಕಂದಾಗುತ್ತದೆ. ಇನ್ನೊಮ್ಮೆ ಮಾಡುವಾಗ ಉಪ್ಪಿನ ಬದಲು ಸಕ್ಕರೆ ಹಾಕಿ ನೋಡಿ, ಏನೂ ಆಗುವುದಿಲ್ಲ. ಸಕ್ಕರೆ ಕರಗಿದರೂ ಅಯಾನಾಗಿ ಒಡೆಯುವುದಿಲ್ಲ.

ಕೆಡುವ ಕಡೆಗಳು: ಜಿ.ಐ. ಮೊಳೆ ತಂದರೆ ಮೇಲಿನ ಸತು ಮೊದಲು ಕರಗಿ ಬಿಳಿ ಗಷ್ಟು ಬರುತ್ತದೆ. ಸ್ಟೀಲ್ ಚಮಚ, ಸ್ಟೀಲ್ ಸ್ಕ್ರೂ ಬೇಡವೇ ಬೇಡ. ಉಪ್ಪು ನೀರಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಆನೋಡಿನಿಂದ ಕ್ರೋಮಿಯಂ ಕರಗುತ್ತದೆ, ಅದರ ಕೆಲವು ರೂಪ ವಿಷ. ಉಪ್ಪು ಹಾಕಿದ ನೀರಿಗೆ ಪೆನ್ಸಿಲ್ ಇಳಿಸಿದರೆ ಕ್ಲೋರಿನ್ ಬರುತ್ತದೆ. ಕಬ್ಬಿಣದ ಮೊಳೆಯಿದ್ದಾಗ ಆ ತೊಂದರೆ ಹೆಚ್ಚುಕಡಿಮೆ ಇಲ್ಲ, ಏಕೆಂದರೆ ಕ್ಲೋರೈಡಿಗಿಂತ ಸುಲಭವಾಗಿ ಕಬ್ಬಿಣವೇ ಎಲೆಕ್ಟ್ರಾನ್ ಕೊಡುತ್ತದೆ. ನಿಮ್ಮದು ಗಡುಸು ಬೋರ್‌ವೆಲ್ ನೀರಾದರೆ ಕ್ಯಾಥೋಡಿನ ಮೇಲೆ ಬಿಳಿ ಪದರ ಕೂರುತ್ತದೆ. ಅದು ಸುಣ್ಣದ ಅಂಶ, ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವುದೂ ಅದೇ.

ಅವರು ತರುವ ಪ್ಲಗ್ಗಿನ ಉಪಕರಣದ ಹತ್ತಿರ ಮಕ್ಕಳನ್ನು ಬಿಡಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಕಾರಣ ಆ ಲೋಟದ ನೀರು ನೇರ ಫೇಸಿಗೆ ಸೇರಿರಬಹುದು. ಬೆರಳದ್ದಿದರೆ ಪ್ರಾಣಕ್ಕೇ ಅಪಾಯ.

---

ವಿಜ್ಞಾನ_ಟೀಚರ್:

ತುಂಬಾ ಉಪಕಾರವಾಯಿತು ಸರ್. ಇನ್ನೆರಡು ಸಂಶಯ. ಪ್ರವಾಹ ಹರಿಯುತ್ತಿದೆ ಎಂದು ತೋರಿಸಲು ಸರ್ಕ್ಯೂಟಿಗೆ 2.5 ವೋಲ್ಟ್ ಟಾರ್ಚ್ ಬಲ್ಬ್ ಸೇರಿಸಿದರೆ ಉರಿಯುವುದಿಲ್ಲ. ಎರಡು ಸೆಲ್ ಹಾಕಿ ಕೆಂಪು ಎಲ್‌ಇಡಿ ಸೇರಿಸಿದರೆ, ಕಬ್ಬಿಣದ ಮೊಳೆಯಲ್ಲಿ ಮಂದವಾಗಿ ಬೆಳಗುತ್ತದೆ, ಪೆನ್ಸಿಲಿನಲ್ಲಿ ಬೆಳಗುವುದೇ ಇಲ್ಲ. ನೀರು ಒಂದೇ ಆದರೂ ಹೀಗೇಕೆ?

ಎರಡನೆಯದು, ಮೊಳೆಯ ಬದಲು ತಾಮ್ರದ ತಂತಿ ಹಾಕಿದರೆ ನೀಲಿ-ಹಸಿರು ಬರುತ್ತದೆ. ಅಲ್ಲಿಂದ ವಿದ್ಯುಲ್ಲೇಪನಕ್ಕೆ ಪಾಠ ಮುಂದುವರಿಸಬಹುದೇ? ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣದಲ್ಲಿ ಕಬ್ಬಿಣದ ಮೊಳೆಗೆ ತಾಮ್ರ ಲೇಪಿಸಿದರೆ ಕೆಂಪಾಗುತ್ತದೆ, ಆದರೆ ಬಟ್ಟೆಯಲ್ಲಿ ಒರೆಸಿದರೆ ಕಿತ್ತು ಬರುತ್ತದೆ.

---

ಲ್ಯಾಬ್_ಬೆಂಚ್:

ಟಾರ್ಚ್ ಬಲ್ಬಿಗೆ 300 ಮಿಲಿಆಂಪಿಯರ್ ಬೇಕು, ನಲ್ಲಿ ನೀರು ಕೊಡುವುದು 30. ತಂತಿ ಕೆಂಪಾಗುವಷ್ಟೂ ಬಿಸಿಯಾಗದು. ಬಲ್ಬ್ ಉರಿಯದಿದ್ದರೆ ‘ಈ ದ್ರವ ಅವಾಹಕ’ ಎಂದು ಬರೆದುಕೊಳ್ಳುವುದು ತಪ್ಪು ತೀರ್ಮಾನ. ಎಲ್‌ಇಡಿ 1 ಮಿಲಿಆಂಪಿಯರಿಗೇ ಕಾಣುವಂತೆ ಬೆಳಗುತ್ತದೆ.

ಮೊಳೆ ಮತ್ತು ಪೆನ್ಸಿಲಿನ ವ್ಯತ್ಯಾಸ ಒಳ್ಳೆಯ ಪ್ರಶ್ನೆ. ದ್ರವದಲ್ಲಿ ಕರೆಂಟು ಹರಿಯಬೇಕಾದರೆ ಎರಡೂ ಕಡ್ಡಿಯ ಮೇಲೆ ರಾಸಾಯನಿಕ ಕ್ರಿಯೆ ನಡೆಯಲೇಬೇಕು, ಅದಕ್ಕೊಂದು ಕನಿಷ್ಠ ವೋಲ್ಟೇಜು ತೆರಬೇಕು. ಲೋಹದ ತಂತಿಗೆ ಈ ಖರ್ಚಿಲ್ಲ. ಪೆನ್ಸಿಲಿನಲ್ಲಿ ಆನೋಡ್ ಕರಗುವುದಿಲ್ಲ, ನೀರೇ ಒಡೆದು ಆಮ್ಲಜನಕ ಬರಬೇಕು. ಸಿದ್ಧಾಂತದಲ್ಲಿ 1.23 ವೋಲ್ಟ್, ವಾಸ್ತವದಲ್ಲಿ 2ರ ಹತ್ತಿರ. ಕೆಂಪು ಎಲ್‌ಇಡಿ ತಾನೇ 1.8 ನುಂಗುತ್ತದೆ. ಎರಡೂ ಸೇರಿದರೆ ನಿಮ್ಮ 3 ವೋಲ್ಟ್ ಮೀರಿತು, ಹಾಗಾಗಿ ಕತ್ತಲೆ. ಕಬ್ಬಿಣ ಕರಗಲು ಅರ್ಧದಿಂದ 1 ವೋಲ್ಟ್ ಸಾಕು. ಅಲ್ಲಿ ಸ್ವಲ್ಪ ಉಳಿದು ಎಲ್‌ಇಡಿ ಮಿನುಗುತ್ತದೆ.

ಹಾಗಾಗಿ 9 ವೋಲ್ಟ್, ಕೆಂಪು ಎಲ್‌ಇಡಿ, 330 ಓಮ್ ರೆಸಿಸ್ಟರ್ ಸರಣಿಯಲ್ಲಿ ಜೋಡಿಸಿ. ಎಲ್‌ಇಡಿಯ ಉದ್ದ ಕಾಲು ಬ್ಯಾಟರಿಯ ಧನದ ಕಡೆಗಿರಲಿ. ಮೊಳೆಗಳಿದ್ದಾಗ ನಲ್ಲಿ ನೀರಿನಲ್ಲಿ 10 ಮಿಲಿಆಂಪಿಯರ್, ಚೆನ್ನಾಗಿ ಬೆಳಗುತ್ತದೆ. ಆರ್‌ಒ ನೀರಿನಲ್ಲಿ ಒಂದೂವರೆ, ಮಂದ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ 0.1 ಕೂಡ ಇಲ್ಲ, ಕತ್ತಲು ಕೋಣೆಯಲ್ಲಿ ಮಾತ್ರ ಕಂಡೀತು. ಸೀಮೆಎಣ್ಣೆ, ಅಡುಗೆ ಎಣ್ಣೆಯಲ್ಲಿ ಏನೂ ಇಲ್ಲ. ಮೂರೂ ಹಂತ ಒಂದೇ ಸಾಧನದಲ್ಲಿ ಕಾಣುವುದರಿಂದ ‘ವಾಹಕ, ಅವಾಹಕ’ ಎಂಬ ಎರಡೇ ಪೆಟ್ಟಿಗೆಗಿಂತ ಇದು ಮಕ್ಕಳಿಗೆ ನಿಜವಾದ ಚಿತ್ರ ಕೊಡುತ್ತದೆ.

ತೂಕದ ಸಾಕ್ಷಿಯೂ ಬೇಕೆಂದರೆ: ಎಲ್‌ಇಡಿ ತೆಗೆದು, ಉಪ್ಪು ಹಾಕಿದ ನೀರಿನಲ್ಲಿ ಎಲಿಮಿನೇಟರಿನಿಂದ 100 ಮಿಲಿಆಂಪಿಯರ್ ಒಂದು ಗಂಟೆ ಹರಿಸಿ. ಧನ ಮೊಳೆಯನ್ನು ತೊಳೆದು, ತುಕ್ಕು ಉಜ್ಜಿ, ಒಣಗಿಸಿ ತೂಗಿದರೆ 0.10 ಗ್ರಾಂ ಇಳಿದಿರಬೇಕು. ಚಿನ್ನ ತೂಗುವಂಥ 0.01 ಗ್ರಾಮಿನ ಪುಟ್ಟ ತಕ್ಕಡಿ ಸಾಕು.

---

ಪೀಣ್ಯ_ಪ್ಲೇಟರ್:

ಲೇಪನದ ಪ್ರಶ್ನೆಗೆ ನಾನು ಹೇಳುತ್ತೇನೆ ಮೇಡಂ.

ಕಬ್ಬಿಣವನ್ನು ಮೈಲುತುತ್ತಕ್ಕೆ ಅದ್ದಿದರೆ ಕರೆಂಟು ಕೊಡುವ ಮೊದಲೇ ಕೆಂಪಾಗುತ್ತದೆ. ಬೇಕಾದರೆ ವೈರ್ ಕಿತ್ತು ಅದ್ದಿ ನೋಡಿ. ಕಬ್ಬಿಣ ಕರಗಿ ತಾಮ್ರವನ್ನು ಹೊರದಬ್ಬುತ್ತದೆ, ಅದು ಸಡಿಲ ಪುಡಿಯಾಗಿ ಕೂರುತ್ತದೆ. ಅದರ ಮೇಲೆ ಎಷ್ಟು ಪ್ಲೇಟಿಂಗ್ ಮಾಡಿದರೂ ಬುಡವೇ ಗಟ್ಟಿಯಿಲ್ಲ, ಸುಲಿದು ಬರುತ್ತದೆ. ಶಾಪಿನಲ್ಲಿ ಕಬ್ಬಿಣದ ಜಾಬಿಗೆ (ಲೇಪ ಕೊಡಬೇಕಾದ ವಸ್ತುವಿಗೆ ನಾವು ಹೀಗನ್ನುತ್ತೇವೆ) ಮೊದಲು ನಿಕ್ಕಲ್ ಅಥವಾ ಸಯನೈಡ್ ತಾಮ್ರದ ತೆಳು ಪದರ ಕೊಟ್ಟು ಆಮೇಲೆ ಆಸಿಡ್ ಕಾಪರ್ ಬಾತಿಗೆ, ಅಂದರೆ ಲೇಪನದ ದ್ರಾವಣಕ್ಕೆ, ಇಳಿಸುವುದು ಇದಕ್ಕೇ. ಶಾಲೆಯಲ್ಲಿ ಸಯನೈಡಿನ ಮಾತೇ ಬೇಡ. ಕಬ್ಬಿಣ ಬಿಟ್ಟು ಹಿತ್ತಾಳೆ ತಗೊಳ್ಳಿ: ಹಳೇ ಬೀಗದ ಕೈ, ಹಿತ್ತಾಳೆ ಪಟ್ಟಿ.

ಬಾತ್: ಡಿಸ್ಟಿಲ್ಡ್ ನೀರು 200 ಮಿ.ಲೀ.ಗೆ 50 ಗ್ರಾಂ ಮೈಲುತುತ್ತ ಕರಗಿಸಿ. ಅಡಿಕೆಗೆ ಬೋರ್ಡೋ ದ್ರಾವಣ ಮಾಡಲು ಮಾರುವುದೇ ಸಾಕು, ಕರಗದೆ ಉಳಿದ ಕಸವನ್ನು ಫಿಲ್ಟರ್ ಕಾಗದದಲ್ಲಿ ಸೋಸಿ. ಬ್ಯಾಟರಿ ಅಂಗಡಿಯ ಆಸಿಡ್ 30 ಮಿ.ಲೀ. ನಿಧಾನಕ್ಕೆ ಸೇರಿಸಿ, ಒಟ್ಟು 250 ಮಿ.ಲೀ. ಮಾಡಿ. ಆಸಿಡನ್ನು ನೀರಿಗೆ ಹಾಕುವುದು, ನೀರನ್ನು ಆಸಿಡಿಗಲ್ಲ. ಕನ್ನಡಕ, ಗ್ಲೌಸ್ ಹಾಕಿಕೊಂಡು ಟೀಚರೇ ಮಾಡಬೇಕಾದ ಕೆಲಸ ಇದು. ಆಸಿಡ್ ಇಲ್ಲದಿದ್ದರೆ ಬಾತಿನ ರೋಧ ಹೆಚ್ಚುತ್ತದೆ, ಪದರ ಒರಟಾಗುತ್ತದೆ.

ಜಾಬ್ ತೊಳೆಯುವುದರಲ್ಲೇ ಮುಕ್ಕಾಲು ಕೆಲಸ ಇದೆ. ಪಾತ್ರೆ ಪುಡಿಯಲ್ಲಿ ಉಜ್ಜಿ ಜಿಡ್ಡು ತೆಗೆಯಿರಿ, ಹುಣಸೆಹಣ್ಣಿನಲ್ಲಿ ಉಜ್ಜಿ ಕಿಲುಬು ತೆಗೆಯಿರಿ, ನೀರಲ್ಲಿ ಜಾಲಿಸಿ ಎತ್ತಿ ಹಿಡಿಯಿರಿ. ನೀರು ಇಡೀ ಮೈಮೇಲೆ ಒಂದೇ ಪೊರೆಯಾಗಿ ನಿಂತರೆ ಚೊಕ್ಕಟ. ಹನಿ ಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ, ಮತ್ತೆ ಉಜ್ಜಿ. ಆಮೇಲೆ ಬೆರಳು ತಾಗಿಸಬೇಡಿ. ಬೆರಳಚ್ಚು ಇದ್ದಲ್ಲಿ ತಾಮ್ರ ಹಿಡಿಯುವುದಿಲ್ಲ, ಹಿಡಿದರೂ ಗುಳ್ಳೆಯೆದ್ದು ಬಿಡುತ್ತದೆ.

ಕರೆಂಟಿನ ಲೆಕ್ಕ ಜಾಬಿನ ವಿಸ್ತೀರ್ಣದ ಮೇಲೆ. ಕಲಕದೆ ಇಟ್ಟ ಬಾತಿಗೆ ಚದರ ಸೆಂ.ಮೀ.ಗೆ 10 ಮಿಲಿಆಂಪಿಯರ್. 5×2 ಸೆಂ.ಮೀ. ಪಟ್ಟಿಯ ಎರಡೂ ಮೈ ಸೇರಿ 20 ಚದರ ಸೆಂ.ಮೀ., ಅಂದರೆ 0.2 ಆಂಪಿಯರ್. ಈ ಬಾತ್ ಚೆನ್ನಾಗಿ ಕರೆಂಟು ಹರಿಸುತ್ತದೆ, 5 ಸೆಂ.ಮೀ. ಅಂತರಕ್ಕೆ ಅರ್ಧ ವೋಲ್ಟ್ ಸಾಕು. ಎರಡು ಸೆಲ್ ಹಾಕಿ, 12 ಓಮ್ 1 ವ್ಯಾಟಿನ ರೆಸಿಸ್ಟರ್ ಸರಣಿಯಲ್ಲಿ ಸೇರಿಸಿ. ಜಾಬ್ ಋಣಕ್ಕೆ, ತಾಮ್ರದ ತಗಡು ಧನಕ್ಕೆ. ವೈರ್ ಅದಲು ಬದಲಾದರೆ ಹಿತ್ತಾಳೆ ಕರಗಿ ಬಾತೇ ಹಾಳು, ಸ್ವಿಚ್ ಹಾಕುವ ಮುಂಚೆ ಎರಡು ಸಲ ನೋಡಿ. ತಗಡು ಜಾಬಿಗಿಂತ ದೊಡ್ಡದಿರಲಿ. ನಡುವೆ ಒಮ್ಮೆ ಜಾಬನ್ನು ತಿರುಗಿಸಿ, ಇಲ್ಲದಿದ್ದರೆ ಹಿಂಬದಿ ತೆಳುವಾಗಿಯೇ ಉಳಿಯುತ್ತದೆ.

15 ನಿಮಿಷಕ್ಕೆ 180 ಕೂಲಂಬ್, 0.06 ಗ್ರಾಂ ತಾಮ್ರ, ಸುಮಾರು 3 ಮೈಕ್ರಾನ್ ದಪ್ಪ (ಮಿ.ಮೀ.ನ ಸಾವಿರದಲ್ಲಿ ಮೂರು ಪಾಲು). ತಿಳಿ ಗುಲಾಬಿ ಬಣ್ಣದ, ಬಟ್ಟೆಯಲ್ಲಿ ಒರೆಸಿದರೂ ಹೋಗದ ಪದರ ಬರಬೇಕು. ‘ಒನ್ ಗ್ರಾಂ ಗೋಲ್ಡ್’ ಸರದ ಮೇಲಿನ ಚಿನ್ನ ಬಹುಬೇಗ ಸವೆಯುವುದು ಏಕೆಂದು ಮಕ್ಕಳಿಗೆ ಈ ದಪ್ಪ ತೋರಿಸಿಯೇ ವಿವರಿಸಬಹುದು.

9 ವೋಲ್ಟ್ ನೇರ ಕೊಟ್ಟರೆ ಅಂಚುಗಳಲ್ಲಿ ಕಡುಕಂದು ಪುಡಿ ಏಳುತ್ತದೆ. ನಾವು ಇದಕ್ಕೆ ಬರ್ನಿಂಗ್ ಅನ್ನುತ್ತೇವೆ. ಜಾಬಿನ ಪಕ್ಕದ ತಾಮ್ರದ ಅಯಾನು ಖಾಲಿಯಾಗಿ, ದೂರದಿಂದ ಬಂದು ಸೇರುವುದಕ್ಕಿಂತ ಬೇಗ ಕರೆಂಟು ಕೇಳುತ್ತದೆ, ಆಗ ಹೈಡ್ರೋಜನ್ ಕೂಡ ಬರುತ್ತದೆ, ಪದರ ಗಟ್ಟಿಯಾಗದು. ಜಾಬಿನ ಮೇಲೆ ಗುಳ್ಳೆ ಕಂಡರೆ ಕರೆಂಟು ಜಾಸ್ತಿಯಾಗಿದೆ ಅಂತಲೇ ತಿಳಿದು ಕಡಿಮೆ ಮಾಡಿ.

---

ನೀರು_ಲ್ಯಾಬ್:

ಒಂದು ಸೇರಿಸುತ್ತೇನೆ. ಕಡ್ಡಿ ಪರೀಕ್ಷೆ ಸುಳ್ಳು ಎಂದು ಮಕ್ಕಳು ಮನೆಗೆ ಹೋಗಿ ಹೇಳಿದರೆ, ‘ಹಾಗಾದರೆ ನಮ್ಮ ನೀರು ಒಳ್ಳೆಯದು’ ಎಂದು ಯಾರೂ ತಿಳಿಯಬಾರದು. ಆ ಪರೀಕ್ಷೆ ನೀರಿನ ಬಗ್ಗೆ ಒಳ್ಳೆಯದನ್ನೂ ಹೇಳುವುದಿಲ್ಲ, ಕೆಟ್ಟದ್ದನ್ನೂ ಹೇಳುವುದಿಲ್ಲ.

ಟಿಡಿಎಸ್ ಮೀಟರಿನದೂ ಅರ್ಧ ಮಾತೇ. ಅದು ವಾಹಕತೆ ಅಳೆದು 0.5ರಿಂದ 0.7ರೊಳಗಿನ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಒಳಗೆ ದಿಕ್ಕು ಬದಲಿಸುವ ಕರೆಂಟು ಬಳಸುತ್ತಾರೆ. ಒಂದೇ ದಿಕ್ಕಿಗೆ ಹರಿಸಿದರೆ ಮೀಟರಿನ ತುದಿಗಳಲ್ಲೇ ವಿದ್ಯುದ್ವಿಭಜನೆ ನಡೆದು ಅಳತೆ ಕೆಡುತ್ತದೆ. ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2 ಏರುತ್ತದೆ, ಹಾಗಾಗಿ ಬಿಸಿ ನೀರಿಗೂ ತಣ್ಣೀರಿಗೂ ಹೋಲಿಕೆ ಮಾಡಬೇಡಿ.

ಅಯಾನು ಎಷ್ಟಿವೆ ಎಂದು ಅದು ಹೇಳುತ್ತದೆ, ಯಾವುವು ಎಂದು ಹೇಳದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಪ್ಪಿತ, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಅನುಮತಿ. ಫ್ಲೋರೈಡಿಗೆ 1.0, ಹೆಚ್ಚೆಂದರೆ 1.5. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಬೋರ್‌ವೆಲ್‌ಗಳಲ್ಲಿ ನಿಜವಾದ ತೊಂದರೆ ಫ್ಲೋರೈಡ್. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಕಡ್ಡಿ ಪರೀಕ್ಷೆಯಲ್ಲಿ ಬಣ್ಣ ಬದಲಾಗದು, 400 ತೋರಿಸುವ ಟಿಡಿಎಸ್ ಮೀಟರ್ ಅದನ್ನು ಬೇರೆಯಾಗಿ ಹೇಳದು. ಅಂಥ ಕಡೆ ಆರ್‌ಒ ಬೇಕಾಗಿಯೂ ಬರಬಹುದು, ಆದರೆ ಕಾರಣ ಬೇರೆ. ಬ್ಯಾಕ್ಟೀರಿಯಾ ಅಂತೂ ಎರಡರಲ್ಲೂ ಕಾಣುವುದಿಲ್ಲ.

ಗ್ರಾಮ ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ನಿನ ಕ್ಷೇತ್ರ ಪರೀಕ್ಷಾ ಕಿಟ್ ಇದೆಯೇ ಕೇಳಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಬಹುದು. ರಾಸಾಯನಿಕ ಪರೀಕ್ಷೆಗೆ ಚೊಕ್ಕಟ ಪ್ಲಾಸ್ಟಿಕ್ ಬಾಟಲಿ, ಅದೇ ನೀರಿನಲ್ಲಿ ಮೂರು ಸಲ ಜಾಲಿಸಿ ತುಂಬಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು, ಅದನ್ನು ಜಾಲಿಸಬಾರದು.

---

ವಿಜ್ಞಾನ_ಟೀಚರ್:

ಎಲ್ಲರಿಗೂ ವಂದನೆಗಳು. ಪಾಠದ ಜೊತೆಗೆ ನಮ್ಮ ಶಾಲೆಯ ಬೋರ್‌ವೆಲ್ ನೀರನ್ನೂ ಕಳಿಸುತ್ತೇನೆ. ಕೊನೆಯದೊಂದು: ಮುಗಿದ ಮೇಲೆ ಮೈಲುತುತ್ತದ ದ್ರಾವಣ ಏನು ಮಾಡಲಿ?

---

ಪೀಣ್ಯ_ಪ್ಲೇಟರ್:

ಚೆಲ್ಲಬೇಡಿ. ಆನೋಡ್ ತಾಮ್ರ ಕರಗಿ ಕ್ಯಾಥೋಡಿನಲ್ಲಿ ಕೂತಷ್ಟನ್ನೂ ತುಂಬಿಕೊಡುತ್ತದೆ, ಬಾತ್ ವರ್ಷಗಟ್ಟಲೆ ಬರುತ್ತದೆ. ಗಾಜಿನ ಬಾಟಲಿಯಲ್ಲಿ ಮುಚ್ಚಿ, ಹೆಸರು ಬರೆದು, ಬೀರುವಿನಲ್ಲಿ ಬೀಗ ಹಾಕಿಡಿ. ಬೇಡವಾದ ದಿನ ದೊಡ್ಡ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ, ಒಮ್ಮೆಲೇ ಹಾಕಿದರೆ ನೊರೆ ಉಕ್ಕಿ ಚೆಲ್ಲುತ್ತದೆ. ನೊರೆ ನಿಂತು, ಅರಿಶಿನದ ಕಾಗದ ಅದ್ದಿದರೆ ತುಸು ಕೆಂಪಾಗುವವರೆಗೆ ಹಾಕಿ. ನೀಲಿ-ಹಸಿರು ಗಷ್ಟು ಒಂದು ರಾತ್ರಿಯಲ್ಲಿ ತಳ ಸೇರುತ್ತದೆ. ಮೇಲಿನ ನೀರು ಬಣ್ಣವಿಲ್ಲದೆ ತಿಳಿಯಾಗಿದ್ದರೆ ಬಗ್ಗಿಸಿ, ಗಷ್ಟನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ಡಬ್ಬಿಯಲ್ಲಿಡಿ. ಕೆರೆ, ಚರಂಡಿ, ಮೀನಿನ ತೊಟ್ಟಿಯ ಹತ್ತಿರ ಒಂದು ಹನಿಯೂ ಹೋಗಬಾರದು, ತಾಮ್ರ ಮೀನಿಗೆ ವಿಷ.